ಚಿತ್ರದ ಹಿಂದಿನ ಕಥೆ ಎಲ್ಲಿಂದ ತರುವುದು?

ಪ್ರಶ್ನೆ: ನಾನು ಕಾಸರಗೋಡು ತಾಲೂಕಿನವಳು. ಕನ್ನಡ ಶಾಲೆಯಲ್ಲಿ ಟೀಚರಾಗಿದ್ದೆ, ಈಗ ನಿವೃತ್ತಿ. ಬಣ್ಣದ ಪೆನ್ಸಿಲಿನಲ್ಲಿ ಚಿತ್ರ ಬಿಡಿಸುತ್ತೇನೆ. ಬರುವ ಏಪ್ರಿಲಿನಲ್ಲಿ ನಾಲ್ಕೈದು ಮಂದಿ ಸೇರಿ ಒಂದು ಸಣ್ಣ ಪ್ರದರ್ಶನ ಇಡುತ್ತಿದ್ದೇವೆ. ಪ್ರತಿ ಚಿತ್ರದ ಪಕ್ಕ ‘ಚಿತ್ರದ ಹಿಂದಿನ ಕಥೆ’ ಎಂದು ಚೀಟಿ ಅಂಟಿಸಬೇಕಂತೆ. ನನ್ನವು ಮೂರು ಚಿತ್ರ: ಅಡಿಕೆ ಸುಲಿಯುವ ಅತ್ತೆಯ ಕೈಗಳು (ಅವರ ಉಂಗುರದ ಬೆರಳು ಸೊಟ್ಟ, ಕಾಣಬಾರದೆಂದು ಮಡಚಿಕೊಂಡೇ ಕೂತಿದ್ದರು), ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿ ನಾನೇ ಫೋಟೋ ತೆಗೆದ ರಾಕ್ಷಸ ಪಾತ್ರದ ಒಂದು ಬಣ್ಣದ ವೇಷ, ಇಂಟರ್ನೆಟ್ಟಿನ ಫೋಟೋ ನೋಡಿ ಬಿಡಿಸಿದ ಒಂದು ಮಿಂಚುಳ್ಳಿ. ಚೀಟಿಗೆ ಕ್ರಮವಾಗಿ ‘ಶ್ರಮಜೀವಿಗಳ ಬದುಕಿನ ಅನಾವರಣ’, ‘ಯಕ್ಷಗಾನ ನಮ್ಮ ನಾಡಿನ ಹೆಮ್ಮೆಯ ಕಲೆ’, ‘ಪ್ರಕೃತಿಯ ಸೊಬಗು, 60 ಗಂಟೆಗಳ ಕೆಲಸ’ ಎಂದು ಬರೆದಿದ್ದೇನೆ. ನನಗೇ ಹಿಡಿಸಲಿಲ್ಲ. ಆದರೆ ನಿಜ ಹೇಳುವುದಾದರೆ ಇವಕ್ಕೆ ಕಥೆ ಅಂತ ಏನೂ ಇಲ್ಲ. ನಾಲ್ಕನೆಯದಾಗಿ ನಮ್ಮ ನೆರೆಯ ಒಬ್ಬಳು ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತಳಾದ ಹುಡುಗಿಯ ಚಿತ್ರ ಬಿಡಿಸಬೇಕೆಂದುಂಟು. ಅದಕ್ಕೆ ಎಂಥ ಕಥೆ ಬರೆಯಲಿ?

ಉತ್ತರ: ಟೀಚರೇ, ಕಥೆ ಇಲ್ಲ ಎನ್ನುತ್ತೀರಿ. ಅದೇ ಪತ್ರದಲ್ಲಿ ಅತ್ತೆ ಬೆರಳು ಮಡಚಿಕೊಂಡು ಕೂತ ಸಂಗತಿಯನ್ನು ಆವರಣದೊಳಗೆ ಹಾಕಿ ಮುಂದೆ ಹೋಗಿದ್ದೀರಿ. ಪ್ರದರ್ಶನಗಳಿಗೆ ಚಿತ್ರ ಆರಿಸುವ, ಚೀಟಿ ತಿದ್ದುವ ಕೆಲಸ ನಾನು ಬಹಳ ಕಾಲದಿಂದ ಮಾಡುತ್ತಿದ್ದೇನೆ. ಹೆಚ್ಚಿನವರದ್ದೂ ಇದೇ ಪಾಡು. ಕಥೆ ಆವರಣದೊಳಗೆ ಬಿದ್ದಿರುತ್ತದೆ, ಗೋಡೆಯ ಮೇಲೆ ಭಾಷಣ ಏರಿ ಕೂತಿರುತ್ತದೆ.

ನಾನು ಚೀಟಿ ತಿದ್ದುವಾಗ ನೋಡುವುದು ಒಂದೇ. ಚೀಟಿ ಓದಿದವರು ತಿರುಗಿ ಚಿತ್ರದ ಹತ್ತಿರ ಹೋಗುತ್ತಾರೋ ಇಲ್ಲವೋ. ಹೋದರೆ ಇಡೀ ಚಿತ್ರಕ್ಕಲ್ಲ, ಅದರ ಯಾವುದೋ ಒಂದು ಮೂಲೆಗೆ, ಎರಡು ಬೆರಳಗಲದ ಜಾಗಕ್ಕೆ ಬಗ್ಗಿ ನೋಡಬೇಕು. ‘ಶ್ರಮಜೀವಿಗಳ ಬದುಕು’ ಎಂದು ಓದಿದವರು ತಲೆಯಾಡಿಸಿ ಪಕ್ಕದ ಚಿತ್ರಕ್ಕೆ ಸರಿಯುತ್ತಾರೆ. ಕೈಯ ಚಿತ್ರದಲ್ಲಿ ಶ್ರಮ ಉಂಟೆಂದು ಅವರಿಗೆ ನೋಡಿದ ಕೂಡಲೇ ಗೊತ್ತಾಗಿತ್ತಲ್ಲ! ಕಾಣುವುದನ್ನೇ ಮತ್ತೆ ಹೇಳಿದರೆ ಅದು ದಂಡ, ಅರ್ಥ ಬಿಡಿಸಿ ಹೇಳಿದರೆ ನೋಡುವವರಿಗೆ ಕೆಲಸವೇ ಉಳಿಯಲಿಲ್ಲ. ಚಿತ್ರ ತಾನಾಗಿ ತೋರಿಸಲಾರದ, ಗೊತ್ತಾದ ಮೇಲೆ ಚಿತ್ರವನ್ನು ಬೇರೆ ಮಾಡುವ ಒಂದು ಸಂಗತಿ ಸಾಕು.

ಅಂಥ ಸಂಗತಿಗಳು ಬಣ್ಣದ ಪೆನ್ಸಿಲಿನವರ ಹತ್ತಿರ ಬೇರೆಯವರಿಗಿಂತ ಹೆಚ್ಚು ಇರುತ್ತವೆ ಎಂದು ನನ್ನ ಅಭಿಪ್ರಾಯ. ಕಾರಣ ಪೆನ್ಸಿಲಿನ ಗುಣದಲ್ಲೇ ಉಂಟು. ಬಣ್ಣದ ಪುಡಿ, ಜೇಡಿಯಂಥ ಒಂದು ಪೂರಕ, ಅಂಟು, ಮೇಣ ಅಥವಾ ಎಣ್ಣೆ ಸೇರಿಸಿ ಮಾಡಿದ ಕಡ್ಡಿ ಅದು. ಕಾಗದದ ಮೇಲ್ಮೈ ನಮ್ಮ ಕಣ್ಣಿಗೆ ನುಣ್ಣಗೆ ಕಂಡರೂ ಸಣ್ಣ ಸಣ್ಣ ಉಬ್ಬುತಗ್ಗು ಇರುತ್ತದೆ. ಆ ತಗ್ಗುಗಳಲ್ಲಿ ಬಣ್ಣ ಕೂರುವುದು. ಹಗುರವಾಗಿ ಎಳೆದರೆ ಉಬ್ಬಿಗೆ ಮಾತ್ರ ತಾಗುತ್ತದೆ, ನಡುವೆ ಬಿಳಿ ಉಳಿಯುತ್ತದೆ. ಪದರದ ಮೇಲೆ ಪದರ ಹಾಕುತ್ತಾ ಹೋದಂತೆ ತಗ್ಗುಗಳು ತುಂಬುತ್ತವೆ, ಒಂದು ಹಂತದಲ್ಲಿ ಕಾಗದ ಸಾಕೆನ್ನುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಬಣ್ಣ ಜಾರುತ್ತದೆಯೇ ಹೊರತು ಹಿಡಿಯುವುದಿಲ್ಲ. ರಬ್ಬರಿನಲ್ಲಿ ಪೂರ್ತಿ ಹೋಗುವ ಬಣ್ಣವೂ ಅಲ್ಲ. ಹಾಗಾಗಿ ಪ್ರತಿ ಪದರಕ್ಕೂ ಯೋಚಿಸಬೇಕು. ಮೊದಲು ಕೆಂಪೋ ಕಂದೋ, ಇಲ್ಲಿ ಒತ್ತಬೇಕೋ ಬಿಡಬೇಕೋ. ಕ್ಯಾನ್ವಾಸಿನಲ್ಲಿ ಒಂದು ಬೀಸಿಗೆ ಆಗುವ ನೆರಳಿಗೆ ಇಲ್ಲಿ ಅರ್ಧ ದಿನ. ಆ ಅರ್ಧ ದಿನ ನೀವು ಅದೇ ಎರಡಂಗುಲವನ್ನು ನೋಡುತ್ತಾ ಕೂತಿರುತ್ತೀರಿ, ತಲೆಯಲ್ಲಿ ಏನೇನೋ ಓಡುತ್ತದೆ. ಕಥೆ ಇರುವುದು ಅಲ್ಲಿ. ಚಿತ್ರ ಮುಗಿದ ಮೇಲೆ ‘ಇದಕ್ಕೆ ಏನು ಅರ್ಥ ಕೊಡಲಿ’ ಎಂದು ಹುಡುಕಿದರೆ ಸಿಗುವುದು ಭಾಷಣವೇ.

ಈಗ ಅತ್ತೆಯ ಕೈಗೆ ಬರುತ್ತೇನೆ. ನೀವು ಕಳಿಸಿದ, ಚಿತ್ರದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಕತ್ತಿಗೆ ಒತ್ತಿದ ಹೆಬ್ಬೆರಳಿಗೆ ಸುತ್ತಿದ ಬಟ್ಟೆ, ಚಾಲಿಯ, ಅಂದರೆ ಒಣಗಿಸಿದ ಅಡಿಕೆಯ, ಸಿಪ್ಪೆಯ ನಾರು, ಎಲ್ಲ ಚೆನ್ನಾಗಿ ಬಂದಿದೆ. ಕಣ್ಣು ನಿಂತದ್ದು ಮಾತ್ರ ಮಡಚಿದ ಬೆರಳು ಅಂಗೈಯೊಳಗೆ ಹೋಗುವ ಕಡೆ. ಬೇರೆಲ್ಲ ಕಡೆ ಗೆರೆಗಳು ಬೆರಳಿನ ಉದ್ದಕ್ಕೆ ಓಡಿವೆ, ಅಲ್ಲಿ ಅಡ್ಡಕ್ಕೆ ತಿರುಗಿವೆ. ಗಾಢ ಕಂದಿನ ಅಡಿಯಲ್ಲಿ ಸ್ವಲ್ಪ ಕಡುನೀಲಿ, ಅದರ ಅಂಚಿನಲ್ಲಿ ಒಂದೆಳೆ ಕೆಂಪು ಇಣುಕುತ್ತದೆ. ಕಪ್ಪು ಪೆನ್ಸಿಲ್ ನೀವು ಮುಟ್ಟಿದ ಹಾಗಿಲ್ಲ, ಒಳ್ಳೆಯದಾಯಿತು. ಕಪ್ಪು ಹಾಕಿದರೆ ಆ ಜಾಗ ಚಿತ್ರದಲ್ಲಿ ತೂತು ಬಿದ್ದ ಹಾಗೆ ಕಾಣುತ್ತಿತ್ತು. ಇಡೀ ಹಾಳೆಯಲ್ಲಿ ಅತಿ ಹೆಚ್ಚು ಬಣ್ಣ ಕುಡಿದಿರುವುದು ಅದೇ ಜಾಗ, ಹೊಳಪು ನೋಡಿದರೇ ಗೊತ್ತಾಗುತ್ತದೆ. ಯಾರೋ ಬಚ್ಚಿಟ್ಟದ್ದನ್ನು ಬಿಡಿಸಲು ನೀವು ಅಷ್ಟು ಕಷ್ಟಪಟ್ಟಿದ್ದೀರಿ. ಇದಕ್ಕಿಂತ ಬೇರೆ ಕಥೆ ಎಂಥದ್ದು ಬೇಕು?

ಚೀಟಿ ಹೀಗಿರಬಹುದು: ‘ಅತ್ತೆಗೆ ತಮ್ಮ ಉಂಗುರದ ಬೆರಳನ್ನು ಯಾರಾದರೂ ನೋಡುವುದು ಇಷ್ಟವಿಲ್ಲ. ಈ ಚಿತ್ರಕ್ಕೆ ಕೂತಾಗಲೂ ಅದನ್ನು ಮಡಚಿಕೊಂಡೇ ಅಡಿಕೆ ಸುಲಿದರು. ಬೆರಳು ಅಡಗಿದ ಜಾಗಕ್ಕೆ ಉಳಿದ ಕೈಗಿಂತ ಹೆಚ್ಚು ಬಣ್ಣ ಬೇಕಾಯಿತು.’ ಅಷ್ಟೇ. ವಾತ್ಸಲ್ಯ, ತ್ಯಾಗ, ಮಣ್ಣಿನ ವಾಸನೆ ಯಾವುದೂ ಬೇಡ.

ಆದರೆ ಒಂದು ತೊಡಕುಂಟು. ಯಾರೂ ನೋಡಬಾರದೆಂದು ಅವರು ಮಡಚಿದ್ದನ್ನು ನಾವು ಗೋಡೆಗೆ ಅಂಟಿಸಿ ಊರಿಗೆಲ್ಲ ಹೇಳಿದಂತಾಯಿತು. ನಿಮ್ಮ ಹೆಸರು, ಊರು ತೆಗೆದು ಈ ಪ್ರಶ್ನೆ ಪ್ರಕಟಿಸಿದ್ದು ಅತ್ತೆಗಾಗಿ. ಪ್ರದರ್ಶನದಲ್ಲಿ ಆ ಮರೆ ಇರುವುದಿಲ್ಲ. ಆದ್ದರಿಂದ ಚೀಟಿ ಅಂಟಿಸುವ ಮೊದಲು ಅವರ ಎದುರು ಕೂತು ಓದಿ. ‘ಬರೆದರೆ ಎಂಥ, ಬರೆ’ ಎಂದು ನಕ್ಕರೆ ಹಾಕಿ. ಮುಖ ತಿರುಗಿಸಿದರೆ, ಮಾತು ಬದಲಿಸಿದರೆ, ಅದು ಬೇಡ ಎಂದೇ ಲೆಕ್ಕ. ಒತ್ತಾಯಿಸಬೇಡಿ. ಆಗ ಹೆಬ್ಬೆರಳಿನ ಬಟ್ಟೆಯ ಬಗ್ಗೆ ಬರೆಯಿರಿ, ಅದು ಯಾವ ಹಳೆ ಸೀರೆಯ ಅಂಚು ಎಂದು. ಬೆರಳಿನ ನೆರಳು ಚಿತ್ರದಲ್ಲಿ ಇದ್ದೇ ಇರುತ್ತದೆ, ಕಾಣುವವರಿಗೆ ಕಾಣುತ್ತದೆ.

ಕಥೆ ಬರೆಯುವ ಕಲಾವಿದರು ಹೊಸಬರೇನಲ್ಲ. ಬಣ್ಣದ ಪೆನ್ಸಿಲಿನ ಮಟ್ಟಿಗೆ ಇದರ ಪರಮಾವಧಿ ಸ್ವಿಟ್ಜರ್‌ಲೆಂಡಿನ ಅಡಾಲ್ಫ್ ವೋಲ್ಫ್ಲಿ (1864–1930). ಬರ್ನ್ ನಗರದ ಹತ್ತಿರದ ವಾಲ್ಡೌ ಮನೋರೋಗ ಆಸ್ಪತ್ರೆಯಲ್ಲಿ 1895ರಿಂದ ಕೊನೆಯ ತನಕ ಇದ್ದ ಮನುಷ್ಯ. ಪೆನ್ಸಿಲಿನಿಂದಲೂ ಬಣ್ಣದ ಪೆನ್ಸಿಲಿನಿಂದಲೂ ಅವನು ತನ್ನದೇ ಒಂದು ಕಲ್ಪಿತ ಜೀವನಚರಿತ್ರೆ ಕಟ್ಟಿದ. ಚಿತ್ರ, ಗದ್ಯ, ಪದ್ಯ, ಸಂಗೀತದ ಸ್ವರ ಎಲ್ಲ ಒಂದೇ ಹಾಳೆಯಲ್ಲಿ ಹೆಣೆದುಕೊಂಡು ಅದು ಸುಮಾರು 25,000 ಪುಟಗಳಿಗೆ ಬೆಳೆಯಿತು. ಅವನನ್ನು ನೋಡಿಕೊಳ್ಳುತ್ತಿದ್ದ ವೈದ್ಯ ವಾಲ್ಟರ್ ಮೊರ್ಗೆಂಥಾಲರ್ 1921ರಲ್ಲಿ ಅವನ ಮೇಲೊಂದು ಪುಸ್ತಕ ಬರೆದರು. ಒಬ್ಬ ಮನೋರೋಗಿಯನ್ನು ಹೆಸರು ಹಿಡಿದು ಕಲಾವಿದ ಎಂದು ಕರೆದ ಪುಸ್ತಕ. ಅದರಲ್ಲಿ ಒಂದು ವಿವರ ಬರುತ್ತದೆ. ಪ್ರತಿ ಸೋಮವಾರ ಬೆಳಿಗ್ಗೆ ಅವನಿಗೆ ಒಂದು ಹೊಸ ಪೆನ್ಸಿಲ್, ಅಚ್ಚಾಗದ ಎರಡು ದೊಡ್ಡ ನ್ಯೂಸ್‌ಪ್ರಿಂಟ್ ಹಾಳೆ ಸಿಗುತ್ತಿತ್ತು. ಪೆನ್ಸಿಲ್ ಎರಡು ದಿನಕ್ಕೆ ಖಾಲಿ. ಆಮೇಲೆ ಉಳಿಸಿಟ್ಟ ತುಂಡುಗಳು, ಯಾರಲ್ಲೋ ಬೇಡಿ ತಂದವು. ಐದಾರು ಮಿಲಿಮೀಟರ್ ಉದ್ದದ ಚೂರುಗಳಲ್ಲೂ ಬರೆಯುತ್ತಿದ್ದನಂತೆ.

ವೋಲ್ಫ್ಲಿಯ ಚಿತ್ರಗಳ ಅರ್ಥದ ಬಗ್ಗೆ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ನನಗೆ ಅವನ ಚಿತ್ರ ಹತ್ತಿರವಾದದ್ದು ಆ ಪೆನ್ಸಿಲ್ ಚೂರಿನಿಂದ. ಇಂಚು ಜಾಗ ಬಿಡದೆ ಹಾಳೆ ತುಂಬಿಸಿದ್ದನ್ನು ಈಗ ನೋಡಿದರೆ, ಸೋಮವಾರದ ತನಕ ಬೇರೆ ಹಾಳೆ ಸಿಗಲಿಕ್ಕಿಲ್ಲ ಎಂಬ ಲೆಕ್ಕವೂ ಅದರಲ್ಲಿ ಕಾಣುತ್ತದೆ. ನಿಮ್ಮ ಪೆನ್ಸಿಲ್ ಡಬ್ಬಿಯಲ್ಲೂ ಯಾವುದೋ ಒಂದು ಬಣ್ಣ ಉಳಿದವುಗಳಿಗಿಂತ ಗಿಡ್ಡವಾಗಿರುತ್ತದೆ, ತೆಗೆದು ನೋಡಿ. ಅದು ಯಾವ ಚಿತ್ರಕ್ಕೆ ಹೋಯಿತು ಎಂದು ಕೇಳಿಕೊಂಡರೆ ಬರೆಯಲು ಒಂದು ಎಳೆ ಸಿಗುತ್ತದೆ.

ಬಣ್ಣದ ವೇಷದ ಚೀಟಿಗೆ ಬರುವಾಗ ಸ್ವಲ್ಪ ಜಗಳ ಮಾಡಬೇಕಾಗುತ್ತದೆ. ‘ನಮ್ಮ ನಾಡಿನ ಹೆಮ್ಮೆಯ ಕಲೆ’ ಎಂದು ನಾವು ಗಡಿಯವರು ಹೇಳುವಾಗ ಒಂದು ಬಿಸಿ ಇರುತ್ತದೆ, ಗೊತ್ತುಂಟು. 1956ರ ನವೆಂಬರ್ ಒಂದರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿಯ ಕನ್ನಡದವರು ಪ್ರತಿ ಸಮಾರಂಭದಲ್ಲೂ ಇದನ್ನೇ ಹೇಳಿಕೊಂಡು ಬಂದಿದ್ದೇವೆ. ಯಕ್ಷಗಾನದ ಪಿತಾಮಹನೆಂದು ಕರೆಯುವ ಪಾರ್ತಿಸುಬ್ಬ ನಮ್ಮ ಕಾಸರಗೋಡಿನ ಕುಂಬಳೆಯವನು, ಹೆಮ್ಮೆ ಪಡುವುದು ತಪ್ಪಲ್ಲ. ಆದರೆ ಆ ಸಾಲನ್ನು ಯಾವ ವೇಷದ ಯಾವ ಚಿತ್ರದ ಕೆಳಗೆ ಹಾಕಿದರೂ ನಡೆಯುತ್ತದೆ. ನಿಮ್ಮ ಚಿತ್ರಕ್ಕೆ ಮಾತ್ರ ಹೊಂದುವ ಸಾಲು ಅದಲ್ಲ.

ನಿಮ್ಮ ಚಿತ್ರದಲ್ಲಿ ಏನುಂಟು? ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷದ ಮುಖಕ್ಕೆ ಚುಟ್ಟಿ ಇಡುವುದನ್ನು ಚೌಕಿಯಲ್ಲಿ ಕೂತು ನೋಡಿದವರಿಗೆ ಗೊತ್ತು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಬಿಳಿಯನ್ನು ಕಡ್ಡಿಯ ತುದಿಯಲ್ಲಿ ತೆಗೆದು ಕೆಂಪು, ಕಪ್ಪಿನ ನಡುವೆ ಸಾಲು ಸಾಲಾಗಿ ಒಂದೊಂದೇ ಮುಳ್ಳು ಎಬ್ಬಿಸುತ್ತಾ ಹೋಗುವುದು. ಗಂಟೆಗಟ್ಟಲೆಯ ಕೆಲಸ. ಮಾತನಾಡುವ ಹಾಗಿಲ್ಲ, ಮುಖ ಅಲುಗಿಸುವ ಹಾಗಿಲ್ಲ. ಹೊರಗೆ ಚೆಂಡೆ ಶುರುವಾದರೂ ಕನ್ನಡಿಯ ಎದುರು ಕೂತವರಿಗೆ ಅವಸರವಿಲ್ಲ. ಕಾಸರಗೋಡಿನ ಚಂದ್ರಗಿರಿ ಅಂಬು ಅವರಂಥವರ ಬಣ್ಣದ ವೇಷದ ಹೆಸರು ಇಂದಿಗೂ ಕೇಳುವುದು ರಂಗದ ಅಬ್ಬರಕ್ಕೆ ಎಷ್ಟೋ ಈ ಮುಖವರ್ಣಿಕೆಗೂ ಅಷ್ಟೇ.

ಈಗ ನಿಮ್ಮ ಹಾಳೆ. ಚುಟ್ಟಿಯ ಮುಳ್ಳುಗಳು ಅಷ್ಟು ಚೂಪಾಗಿ ಬೆಳ್ಳಗೆ ಉಳಿದದ್ದು ಹೇಗೆ? ಬಿಳಿ ಪೆನ್ಸಿಲಿನಿಂದಂತೂ ಅಲ್ಲ. ಕೆಂಪಿನ ಮೇಲೆ ಬಿಳಿ ಪೆನ್ಸಿಲ್ ಎಳೆದರೆ ಮಾಸಲು ಗುಲಾಬಿ ಸಿಗುತ್ತದೆ, ಸುಣ್ಣದ ಬಿಳಿ ಸಿಗುವುದಿಲ್ಲ. ನೋಡಿದರೆ ಬಣ್ಣ ಹಾಕುವ ಮೊದಲೇ ಮಸಿ ಮುಗಿದ ಬಾಲ್‌ಪೆನ್ನಿನಿಂದಲೋ ಅಂಥದ್ದೇ ಮೊಂಡು ತುದಿಯಿಂದಲೋ ಕಾಗದವನ್ನು ಒತ್ತಿ ಗೀರಿದ್ದೀರಿ. ಆಮೇಲೆ ಮೇಲಿನಿಂದ ಕೆಂಪು, ಕಪ್ಪು ಎಳೆದಾಗ ಪೆನ್ಸಿಲ್ ಆ ಗೀರನ್ನು ದಾಟಿ ಹೋಗಿದೆ, ತಗ್ಗಿನಲ್ಲಿ ಕಾಗದದ ಬಿಳಿ ಹಾಗೇ ಉಳಿದಿದೆ. ಅಂದರೆ ಚುಟ್ಟಿಯ ಪ್ರತಿ ಮುಳ್ಳನ್ನೂ ನೀವು ಬಣ್ಣವಿಲ್ಲದೆ, ಖಾಲಿ ಬಿಳಿ ಹಾಳೆಯ ಮೇಲೆ, ಸರಿಯಾಗಿ ಕಾಣಿಸದೆ ಗೀರಿದ್ದೀರಿ. ಒಂದು ತಪ್ಪಿದರೂ ಗೊತ್ತಾಗುವುದು ಬಣ್ಣ ಹಾಕಿದ ಮೇಲೆಯೇ, ಆಗ ತಿದ್ದಲಿಕ್ಕಿಲ್ಲ. ವೇಷಧಾರಿ ಮುಖದ ಮೇಲೆ ಬಿಳಿಯನ್ನು ಏರಿಸಿದರು, ನೀವು ಕಾಗದದಲ್ಲಿ ಬಿಳಿಯನ್ನು ಇಳಿಸಿದಿರಿ. ಇದನ್ನು ಬಿಟ್ಟು ನಾಡು, ಹೆಮ್ಮೆ ಎಂದು ಹೋದಿರಲ್ಲ ಮಾರಾಯ್ರೆ!

ಇದನ್ನೇ ಎರಡು ಸಾಲಿನಲ್ಲಿ ಬರೆಯಿರಿ: ಚೌಕಿಯಲ್ಲಿ ಚುಟ್ಟಿ ಇಡುವುದನ್ನು ನೋಡಿದ್ದು, ಈ ಬಿಳಿ ಗೆರೆಗಳಲ್ಲಿ ಬಣ್ಣವೇ ಇಲ್ಲ ಎಂಬುದು. ಯಕ್ಷಗಾನ ಆಟ ನೋಡಿ ಬೆಳೆದವರೂ ಚೀಟಿ ಓದಿ ಕನ್ನಡಕ ಸರಿ ಮಾಡಿಕೊಂಡು ಹತ್ತಿರ ಹೋಗುತ್ತಾರೆ. ಪ್ರದರ್ಶನದಲ್ಲಿ ಹಾಳೆಗೆ ಒಂದು ಪಕ್ಕದಿಂದ ಬೆಳಕು ಬೀಳುವ ಹಾಗೆ ದೀಪ ಇಟ್ಟರೆ ಗೀರುಗಳ ತಗ್ಗು ಇನ್ನೂ ಚೆನ್ನಾಗಿ ಕಾಣುತ್ತದೆ. ಯಾವ ಮೇಳ, ಯಾರ ವೇಷ ಎಂದು ಅವರ ಒಪ್ಪಿಗೆ ಕೇಳಿ ಹೆಸರು ಹಾಕಿ. ಚೌಕಿಯಲ್ಲಿ ಫೋಟೋ ತೆಗೆಯಲು ಬಿಟ್ಟವರಿಗೆ ಅಷ್ಟು ಸಲ್ಲಬೇಕು.

ಮಿಂಚುಳ್ಳಿಯನ್ನು ಈ ಪ್ರದರ್ಶನಕ್ಕೆ ಕೊಡಬೇಡಿ ಎಂದೇ ನನ್ನ ಸಲಹೆ. ಚಿತ್ರ ಸರಿಯಿಲ್ಲವೆಂದಲ್ಲ, ಮೂರರಲ್ಲಿ ಕೈ ಅತಿ ಪಳಗಿರುವುದು ಅದರಲ್ಲೇ. ಆದರೆ ಅದರ ಹಿಂದಿನ ಕಥೆ ಫೋಟೋ ತೆಗೆದವರದು. ಯಾವುದೋ ದೇಶದ ಯಾವುದೋ ಹಳ್ಳದ ಪಕ್ಕ ಕಾದು ಕೂತವರು ಅವರು. ಕೂತ ಭಂಗಿ, ಬೆಳಕು, ಹಿನ್ನೆಲೆಯ ಹಸುರು, ಎಲ್ಲ ಅವರು ಆರಿಸಿದ್ದು. ಕಾನೂನಿನ ಮಾತು ಬೇರೆ ಉಂಟು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾದ ಮೇಲೆ ಫೋಟೋಗೂ ತೆಗೆದವರ ಜೀವಮಾನ ಮತ್ತು ಆನಂತರ 60 ವರ್ಷ ರಕ್ಷಣೆ ಉಂಟು. ಕಲಿಯಲಿಕ್ಕೆ ಮನೆಯಲ್ಲಿ ನೋಡಿ ಬಿಡಿಸುವುದಕ್ಕೆ ಯಾರೂ ಬಂದು ಕೇಳುವುದಿಲ್ಲ. ಹೊರಗೆ ಇಡುವುದು, ಮಾರುವುದು ಎಂದಾದರೆ ಒಪ್ಪಿಗೆ ಬೇಕು. ಬರೆದು ಕೇಳಿ, ಎಷ್ಟೋ ಫೋಟೋಗ್ರಾಫರುಗಳು ಸಂತೋಷದಿಂದ ಒಪ್ಪುತ್ತಾರೆ. ಒಪ್ಪಿದರೆ ಅವರ ಹೆಸರನ್ನು ನಿಮ್ಮ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ.

ಅಲ್ಲದೆ, ಮಿಂಚುಳ್ಳಿಗೆ ಇಂಟರ್ನೆಟ್ ಯಾಕೆ? ಬಿಳಿ ಎದೆಯ ಮಿಂಚುಳ್ಳಿ ನಮ್ಮ ಗದ್ದೆಬದಿಯ ವಿದ್ಯುತ್ ತಂತಿಯ ಮೇಲೆ ದಿನವೂ ಕೂರುತ್ತದೆ. ಅದನ್ನು ನೋಡಿ ಕಲಿಯಬೇಕಾದ ಒಂದು ವಿಷಯವೂ ಉಂಟು. ಮಿಂಚುಳ್ಳಿಯ ಗರಿಯಲ್ಲಿ ನೀಲಿ ಬಣ್ಣದ ದ್ರವ್ಯ ಇಲ್ಲ. ಗರಿಯ ಒಳಗಿನ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ನಮ್ಮ ಕಣ್ಣಿಗೆ ನೀಲಿ. ಪೆನ್ಸಿಲಿನಲ್ಲಿ ಇರುವುದು ಬರೀ ದ್ರವ್ಯ. ಹಾಗಾಗಿ ಯಾವ ಕಂಪೆನಿಯ ಯಾವ ನೀಲಿ ಕಡ್ಡಿ ತಂದರೂ ಆ ಹೊಳಪು ಒಂದೇ ಪದರದಲ್ಲಿ ಬರುವುದಿಲ್ಲ. ತಿಳಿ ಹಸುರುನೀಲಿಯ ಮೇಲೆ ಕಡುನೀಲಿ, ನಡುವೆ ಮುಟ್ಟದೆ ಬಿಟ್ಟ ಬಿಳಿ, ಪಕ್ಕದಲ್ಲಿ ಅದರ ಕಂದು ತಲೆ ಇಟ್ಟು ನೀಲಿಯನ್ನು ಎಬ್ಬಿಸಬೇಕು. ಆ ತಂತಿಯ ಹಕ್ಕಿಯನ್ನು ನೋಡಿ, ನಿಮ್ಮದೇ ಒಂದು ಮಸುಕು ಫೋಟೋ ಇಟ್ಟುಕೊಂಡು ಬಿಡಿಸಿ. ಈಗಿನದಕ್ಕಿಂತ ಸಾಧಾರಣ ಚಿತ್ರ ಬಂದೀತು. ಕಥೆ ಮಾತ್ರ ನಿಮ್ಮದಾಗುತ್ತದೆ.

‘60 ಗಂಟೆಗಳ ಕೆಲಸ’ ಎಂಬುದನ್ನು ಎಲ್ಲಿಯೂ ಹಾಕಬೇಡಿ. ಪ್ರದರ್ಶನಕ್ಕೆ ಬಂದವರು ಮೊದಲು ಕೇಳುವುದೇ ‘ಎಷ್ಟು ಹೊತ್ತು ಹಿಡಿಯಿತು?’ ಎಂದು. ಎರಡನೆಯದು ‘ಫೋಟೋದ ಹಾಗೇ ಉಂಟಲ್ಲ!’ ಎರಡೂ ಪ್ರೀತಿಯ ಮಾತೇ. ಆದರೆ ಚೀಟಿಯಲ್ಲೇ ಗಂಟೆಯ ಲೆಕ್ಕ ಕೊಟ್ಟರೆ ನೋಡುವವರು ಮನಸ್ಸಿನಲ್ಲೇ ಕೂಲಿ ಲೆಕ್ಕ ಹಾಕುತ್ತಾರೆ, ಚಿತ್ರ ಹಿಂದೆ ಬೀಳುತ್ತದೆ. ಬಣ್ಣದ ಪೆನ್ಸಿಲಿನವರಿಗೆ ಈ ಅಭ್ಯಾಸ ಬಂದದ್ದು ಕೀಳರಿಮೆಯಿಂದ ಎಂದು ನನಗೆ ಅನುಮಾನ. ಇದು ಮಕ್ಕಳ ಸಾಮಾನು, ಶಾಲೆಯ ಚೀಲದ ವಸ್ತು ಎಂಬ ಭಾವನೆ ಎಲ್ಲ ಕಡೆ ಇತ್ತು. ಕಲಾವಿದರಿಗೆಂದೇ ಒಳ್ಳೆಯ ಪೆನ್ಸಿಲುಗಳು ಜರ್ಮನಿಯಲ್ಲಿ 1908ರಷ್ಟು ಹಿಂದೆಯೇ ಬಂದಿದ್ದರೂ ಅಮೆರಿಕದಲ್ಲಿ ಬಣ್ಣದ ಪೆನ್ಸಿಲಿನವರದೇ ಒಂದು ಸಂಘ ಹುಟ್ಟಲು 1990 ಆಗಬೇಕಾಯಿತು. ‘ನೋಡಿ, ಇದೂ ಕಷ್ಟದ ಕೆಲಸ’ ಎಂದು ಸಾಬೀತು ಮಾಡಲು ಗಂಟೆ ಎಣಿಸುತ್ತೇವೆ. ಈಗ ಅದು ಬೇಕಾಗಿಲ್ಲ.

ಇನ್ನು ಆ ಹುಡುಗಿಯ ಚಿತ್ರ. ಇದಕ್ಕೆ ನಾನು ನಿಧಾನವಾಗಿಯೇ ಉತ್ತರ ಹೇಳಬೇಕು.

ನಮ್ಮ ಗುಡ್ಡಗಳ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು, ಎಣ್ಮಕಜೆ, ಪಡ್ರೆ ಕಡೆಯ ಮನೆಗಳು ಉಂಡ ಸಂಕಟ, 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ಅನ್ವಯಿಸಿ ಅದನ್ನು ನಿಷೇಧಿಸಿದ್ದು, ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಹೋರಾಟದಲ್ಲಿ ಮಕ್ಕಳ ಫೋಟೋಗಳ ಪಾತ್ರ ದೊಡ್ಡದು. ಅವು ಇಲ್ಲದಿದ್ದರೆ ದಿಲ್ಲಿಗೆ ನಮ್ಮ ಕೂಗು ಕೇಳುತ್ತಿರಲಿಲ್ಲ. ಅದರ ಇನ್ನೊಂದು ಮಗ್ಗುಲೂ ಉಂಟು. ಆ ಮನೆಗಳಿಗೆ ಕ್ಯಾಮೆರಾ ಹಿಡಿದು ಬಂದವರು ಬೇಕಾದಷ್ಟು. ಬಂದವರೆಲ್ಲ ಮಗುವನ್ನು ಒಂದೇ ರೀತಿಯಲ್ಲಿ ಕೂರಿಸಿ, ಒಂದೇ ರೀತಿಯ ಸಾಲು ಬರೆದು ಹೋದರು. ಹುಡುಗಿಗೆ ಒಂದು ಹೆಸರು, ಒಂದು ಇಷ್ಟದ ತಿಂಡಿ, ಒಂದು ಹಟ ಇರುತ್ತದೆ ಎಂಬುದು ಆ ಸಾಲುಗಳಲ್ಲಿ ಬರಲೇ ಇಲ್ಲ.

ಚಿತ್ರ ಒಬ್ಬರದು, ಕೆಳಗಿನ ಬರಹ ಇನ್ನೊಬ್ಬರದು ಆದಾಗ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ಹೇಳುತ್ತೇನೆ. 1875ರಿಂದ 1878ರ ತನಕ ಅಮೆರಿಕದ ಸೈನ್ಯ ಅಲ್ಲಿಯ ಬಯಲು ಸೀಮೆಯ ಮೂಲನಿವಾಸಿ ಯೋಧರು 70ಕ್ಕೂ ಮಿಕ್ಕಿ ಮಂದಿಯನ್ನು ಫ್ಲಾರಿಡಾದ ಮೇರಿಯನ್ ಕೋಟೆಯಲ್ಲಿ ಬಂಧಿಸಿಟ್ಟಿತ್ತು. ಕಾಗದ, ಪೆನ್ಸಿಲ್, ಬಣ್ಣದ ಪೆನ್ಸಿಲ್ ಕೊಟ್ಟಾಗ ಅವರಲ್ಲಿ ಕೆಲವರು ತಮ್ಮ ಬೇಟೆ, ನೃತ್ಯ, ರೈಲಿನಲ್ಲಿ ಬಂದ ದಾರಿ ಎಲ್ಲವನ್ನೂ ಬಿಡಿಸಿದರು. ಆ ಚಿತ್ರಪುಸ್ತಕಗಳು ನೋಡಲು ಬಂದವರಿಗೆ ಮಾರಾಟವಾದವು, ಇಂದು ದೊಡ್ಡ ಮ್ಯೂಸಿಯಮ್ಮುಗಳಲ್ಲಿವೆ. ಹಲವು ಚಿತ್ರಗಳ ಕೆಳಗೆ ಇಂಗ್ಲಿಷಿನಲ್ಲಿ ಒಂದೆರಡು ಪದದ ವಿವರಣೆ ಉಂಟು, ಬರೆದದ್ದು ಬೇರೆಯವರು. ಕುದುರೆಯ ಬಾಲ ಹೇಗೆ ಕಟ್ಟಿದೆ, ಗುರಾಣಿಯ ಮೇಲೆ ಯಾವ ಗುರುತು ಎಂದು ಬಿಡಿಸಿದವನು ಎಷ್ಟು ಜಾಗ್ರತೆಯಿಂದ ತೋರಿಸಿದ್ದಾನೆ! ತನ್ನ ಜನರಿಗೆ ಅದರಿಂದಲೇ ಇಂಥವನೆಂದು ಗೊತ್ತಾಗಬೇಕು. ಕೆಳಗೆ ಬರೆದವರಿಗೆ ಅವೆಲ್ಲ ಬರೀ ‘ಬೇಟೆ’, ‘ಯುದ್ಧ’.

ಹುಡುಗಿಯ ಮನೆಗೆ ಮೊದಲು ಕಾಗದ, ಪೆನ್ಸಿಲ್ ಇಲ್ಲದೆ ಹೋಗಿ. ನೆರೆಯವರೇ ಆದ್ದರಿಂದ ಹೋಗಿ ಬಂದು ಇರುತ್ತದೆ, ಆದರೂ ಈ ಮಾತಿಗಾಗಿ ಬೇರೆಯೇ ಹೋಗಿ. ಅವಳಿಗೆ ಹೇಳಿ ತಿಳಿಸಲು ಸಾಧ್ಯವಿದ್ದರೆ ಅವಳನ್ನೇ ಕೇಳಿ, ಇಲ್ಲದಿದ್ದರೆ ಅವಳ ಅಮ್ಮನನ್ನು. ಬಿಡಿಸಲು ಒಪ್ಪಿದರೆ ಸಾಲದು. ಗೋಡೆಗೆ ಹಾಕಲು, ಹೆಸರು ಬರೆಯಲು, ಯಾರಾದರೂ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿದರೆ ಪರವಾಗಿಲ್ಲವೋ ಎಂದು, ಬೇರೆ ಬೇರೆಯಾಗಿ ಕೇಳಬೇಕು. ಯಾವ ಬಟ್ಟೆಯಲ್ಲಿ, ಎಲ್ಲಿ ಕೂತ ಹಾಗೆ ಎಂದು ಅವರೇ ಆರಿಸಲಿ. ಡಬ್ಬಿ ಅವಳ ಮುಂದೆ ಇಟ್ಟು ಹಿನ್ನೆಲೆಗೆ ಯಾವ ಬಣ್ಣ ಎಂದು ತೋರಿಸಲು ಬಿಡಿ. ಕಿತ್ತಳೆ ಬಣ್ಣವನ್ನೇ ಹಿಡಿದುಕೊಂಡು ಬಿಡದಿದ್ದರೆ ಹಿನ್ನೆಲೆ ಕಿತ್ತಳೆಯೇ ಆಗಲಿ, ನಿಮ್ಮ ವರ್ಣಸಂಯೋಜನೆ ಕೆಟ್ಟರೆ ಕೆಡಲಿ. ಆಗ ಚೀಟಿ ತಾನಾಗಿ ಸಿಗುತ್ತದೆ: ‘ಹಿನ್ನೆಲೆಯ ಬಣ್ಣ ಅವಳು ಆರಿಸಿದ್ದು.’ ಅಷ್ಟೇ ಸಾಕು. ಕಾಯಿಲೆಯ ಹೆಸರು ಬೇಡ, ಕೀಟನಾಶಕದ ಇತಿಹಾಸ ಬೇಡ. ಕಾಸರಗೋಡಿನಲ್ಲಿ ಪ್ರದರ್ಶನ ನೋಡಲು ಬಂದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಅಮ್ಮ ತಾವಾಗಿ ‘ಅದನ್ನೂ ಬರೆಯಿರಿ’ ಎಂದರೆ ಅವರ ಮಾತನ್ನು ಅವರದೇ ಮಾತಿನಲ್ಲಿ, ಅವರು ಮಲಯಾಳದಲ್ಲಿ ಹೇಳಿದರೆ ಮಲಯಾಳದಲ್ಲೇ ಹಾಕಿ. ಏಪ್ರಿಲಿಗೆ ಮುಗಿಯದಿದ್ದರೆ ಮುಂದಿನ ಸಲಕ್ಕೆ ಇರಲಿ.

ಉಳಿದದ್ದು ಚಿಲ್ಲರೆ ವಿಷಯ. ಚೀಟಿ 50–60 ಪದ ದಾಟಬಾರದು. ನಿಂತು ಓದುವವರ ಕಾಲು ನೋಯುತ್ತದೆ, ಹಿಂದೆ ನಿಂತವರು ದೂಡುತ್ತಾರೆ. ಕನ್ನಡ, ಮಲಯಾಳ ಎರಡರಲ್ಲೂ ಇರಲಿ. ಮಲಯಾಳದ್ದನ್ನು ನೀವು ಬರೆಯುವ ಬದಲು ಮಲಯಾಳ ಮನೆಮಾತಿನ ಸ್ನೇಹಿತೆಗೆ ಚಿತ್ರ ತೋರಿಸಿ ಕಥೆ ಬಾಯಲ್ಲಿ ಹೇಳಿ, ಅವರು ಕೇಳಿದ್ದನ್ನು ಬರೆಯಲಿ. ಬಣ್ಣ ಪರೀಕ್ಷಿಸಲು ಬಳಸಿದ ಕಾಗದದ ಪಟ್ಟಿಗಳನ್ನು ಎಸೆದಿರದಿದ್ದರೆ ಒಂದನ್ನು ಚೀಟಿಯ ಪಕ್ಕ ಅಂಟಿಸಿ, ಮಕ್ಕಳು ಅದನ್ನೇ ಹೆಚ್ಚು ನೋಡುತ್ತಾರೆ. ಇನ್ನು ಮುಂದೆ ಬಿಡಿಸುವಾಗ ಪಕ್ಕದಲ್ಲೊಂದು ನೋಟ್‌ಬುಕ್ ಇರಲಿ. ಎಲ್ಲಿ ನಿಲ್ಲಿಸಿದಿರಿ, ಯಾಕೆ ಬಣ್ಣ ಬದಲಿಸಿದಿರಿ, ಆಗ ಯಾರು ಬಂದು ಏನು ಹೇಳಿದರು ಎಂದು ಒಂದೊಂದು ಸಾಲು. ಚೀಟಿ ಬರೆಯುವ ದಿನ ನೆನಪಿಗಿಂತ ಅದು ಹೆಚ್ಚು ಉಪಕಾರಕ್ಕೆ ಬರುತ್ತದೆ.

ಮಾರುವ ಆಲೋಚನೆ ಇದ್ದರೆ ಯಾವ ಪೆನ್ಸಿಲ್, ಯಾವ ಕಾಗದ ಎಂದು ಹಾಳೆಯ ಹಿಂದೆ ಬರೆದಿಡಿ. ಕೊಂಡವರಿಗೆ ತಿಳಿಯಬೇಕಾದ ಇನ್ನೊಂದು ಕಥೆ ಅದು. ಗುಲಾಬಿ, ನೇರಳೆ ಛಾಯೆಗಳಲ್ಲಿ ಹಲವು ಬೆಳಕಿಗೆ ಬೇಗ ಮಾಸುತ್ತವೆ, ಅದರಲ್ಲೂ ಶಾಲೆ ಮಕ್ಕಳ ಸೆಟ್ಟಿನವು. ಬಣ್ಣದ ಪೆನ್ಸಿಲಿನ ಬೆಳಕು ತಾಳಿಕೆಗೆಂದೇ ಎಎಸ್‌ಟಿಎಂ ಎಂಬ ಅಮೆರಿಕದ ಸಂಸ್ಥೆ ಮಾಡಿದ ಡಿ 6901 ಮಾನದಂಡ ಉಂಟು, ಕೆಲವು ಕಂಪೆನಿಗಳು ಆ ಅಂಕವನ್ನು ಬಣ್ಣದ ಪಟ್ಟಿಯಲ್ಲಿ ಕೊಡುತ್ತವೆ. ಇಲ್ಲದಿದ್ದರೆ ಮನೆಯಲ್ಲೇ ನೋಡಬಹುದು. ಎಲ್ಲ ಬಣ್ಣಗಳನ್ನು ಒಂದು ಹಾಳೆಯಲ್ಲಿ ಎಳೆದು, ಅರ್ಧಕ್ಕೆ ದಪ್ಪ ಕಪ್ಪು ಕಾಗದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ಕೆಲವು ತಿಂಗಳು ಬಿಟ್ಟು ತೆಗೆದರೆ ಯಾವ ಪೆನ್ಸಿಲನ್ನು ಡಬ್ಬಿಯಿಂದ ಹೊರಗಿಡಬೇಕೆಂದು ಗೊತ್ತಾಗುತ್ತದೆ.

ಫ್ರೇಮ್ ಮಾಡಿಸುವಾಗ ಗಾಜು ಹಾಳೆಗೆ ತಾಗದಂತೆ ನಡುವೆ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಅಂಚಿನಂತೆ ಕೂರುವ ದಪ್ಪ ರಟ್ಟು, ಹಾಕಿಸಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಊರಲ್ಲಿ ಗಾಜಿಗೆ ಅಂಟಿದ ಕಾಗದ ಬೂಸ್ಟು ಹಿಡಿಯದೆ ಇರುವುದಿಲ್ಲ. ಮೇಣದ ಪೆನ್ಸಿಲಿನಲ್ಲಿ ಗಾಢವಾಗಿ ತುಂಬಿದ ಕಡೆ, ಅಂದರೆ ಆ ಬೆರಳಿನ ನೆರಳಿನಂಥ ಕಡೆ, ಸ್ವಲ್ಪ ಕಾಲದ ಮೇಲೆ ಬಿಳಿ ಮಂಜಿನಂಥ ಪದರ ಮೂಡಬಹುದು. ಅದು ಬೂಸ್ಟಲ್ಲ, ಮೇಣ ಮೇಲಕ್ಕೆ ಬಂದದ್ದು. ಮೆತ್ತಗಿನ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ, ಆಮೇಲೆ ಬಣ್ಣ ಹಿಡಿದಿಡುವ ಫಿಕ್ಸೆಟಿವ್ ದ್ರವವನ್ನು ತೆಳ್ಳಗೆ ಸ್ಪ್ರೇ ಮಾಡಿ. ಫ್ರೇಮಿನವರಿಗೆ ಫೆಬ್ರವರಿಯಲ್ಲೇ ಕೊಟ್ಟುಬಿಡಿ. ಮಾರ್ಚ್ ಬಂತೆಂದರೆ ನೇಮ, ಜಾತ್ರೆ, ಮದುವೆ ಎಂದು ಅವರು ಕೈಗೆ ಸಿಗುವುದಿಲ್ಲ.